ಆಸ್ಕರ್ ಮೀನಿನ ಟ್ಯಾಂಕಿಗೆ ಜೊತೆ ಮೀನು: ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ

ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಬೆರಳುದ್ದದ ಆಸ್ಕರ್ ಮರಿ ಗೋಲ್ಡ್‌ಫಿಶ್, ಏಂಜಲ್, ಗೌರಾಮಿಗಳ ನಡುವೆ ಸಾಧುವಾಗಿ ಈಜುತ್ತಿರುವುದನ್ನು ಕಂಡವರು, ಮನೆಯಲ್ಲಿಯೂ ಅದು ಹಾಗೆಯೇ ಇರುತ್ತದೆಂದು ನಂಬಿ ನಾಲ್ಕಾರು ಬಗೆಯ ಮೀನುಗಳನ್ನು ಒಟ್ಟಿಗೆ ಕೊಂಡು ತರುತ್ತಾರೆ. ಮೊದಲ ಕೆಲವು ತಿಂಗಳು ತಿಂಗಳಿಗೆ ಸುಮಾರು ಎರಡೂವರೆ ಸೆಂ.ಮೀ. ಬೆಳೆಯುವ ಈ ಮೀನು ವರ್ಷ ತುಂಬುವಷ್ಟರಲ್ಲಿ 20ರಿಂದ 25 ಸೆಂ.ಮೀ. ಮುಟ್ಟುತ್ತದೆ, ಒಳ್ಳೆಯ ಆರೈಕೆ ಸಿಕ್ಕರೆ 30 ಸೆಂ.ಮೀ. ದಾಟಿ, ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅಷ್ಟು ಹೊತ್ತಿಗೆ ಜೊತೆಯಲ್ಲಿ ತಂದ ಸಣ್ಣ ಮೀನುಗಳು ಒಂದೊಂದಾಗಿ ಕಾಣೆಯಾಗಿರುತ್ತವೆ. ಆಗ ಮನೆಯವರು ಆಸ್ಕರನ್ನು ಕ್ರೂರಿ ಎಂದು ದೂರುತ್ತಾರೆ. ಆದರೆ ಅದು ಬಾಯಿಗೆ ಹಿಡಿಸುವುದನ್ನು ತಿನ್ನುವ ಮೀನು, ತಪ್ಪು ಆಯ್ಕೆಯದು.

ದೊಡ್ಡ ಜಗಳಗಂಟ ಮೀನುಗಳು ಹಲವಿದ್ದರೂ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಕರ್ ಆದ್ದರಿಂದ ಈ ಹೋಲಿಕೆಯನ್ನು ಅದರ ಸುತ್ತಲೇ ಬರೆದಿದ್ದೇನೆ. 1831ರಲ್ಲಿ ಲೂಯಿ ಅಗಾಸಿಜ್ ವರ್ಣಿಸಿದ ಈ ಮೀನಿನ ವೈಜ್ಞಾನಿಕ ಹೆಸರು ಆಸ್ಟ್ರೊನೋಟಸ್ ಒಸೆಲೇಟಸ್. ತವರು ದಕ್ಷಿಣ ಅಮೆರಿಕದ ಅಮೆಜಾನ್ ಕೊಳ್ಳದ ನಿಧಾನ ಹರಿವಿನ ನೀರು. ಟೈಗರ್, ರೆಡ್, ಅಲ್ಬಿನೊ ಎಂದು ಅಂಗಡಿಗಳಲ್ಲಿ ಬೇರೆ ಬೇರೆ ಹೆಸರಿನಿಂದ ಮಾರುವುದು ಇದೇ ಮೀನಿನ ಬಣ್ಣದ ಬಗೆಗಳನ್ನು, ಅವುಗಳ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ. ಬಾಲದ ಬುಡದಲ್ಲಿರುವ ಕಣ್ಣಿನಂತಹ ಚುಕ್ಕೆ, ರೆಕ್ಕೆ ಕಚ್ಚಲು ಬರುವ ಪಿರಾನ್ಹಾಗಳಿಗೆ ತಲೆ ಯಾವುದು ಬಾಲ ಯಾವುದು ಎಂದು ತಿಳಿಯದಂತೆ ಮಾಡುತ್ತದೆಂದು ತಜ್ಞರು ಭಾವಿಸುತ್ತಾರೆ. ನೆರೆಹೊರೆಯಲ್ಲಿ ಪಿರಾನ್ಹಾಗಳನ್ನು ಇಟ್ಟುಕೊಂಡು ಬದುಕಿದ ಮೀನು ಇದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಾಚಾರ ಸುಲಭವಾಗುತ್ತದೆ.

ಮೊದಲು ಟ್ಯಾಂಕ್, ಆಮೇಲೆ ಜೊತೆ

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಇದು ಒಂದೇ ಒಂದು ಆಸ್ಕರ್‌ಗೆ ಸಾಲುತ್ತದೆ, ಅದೂ ಕಷ್ಟದಿಂದ. ಅದರಲ್ಲಿ ಯಾವ ಜೊತೆ ಹೊಂದುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಯಾವುದೂ ಇಲ್ಲ. ಜೊತೆಯ ಮಾತು ಶುರುವಾಗುವುದು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ, ಅಂದರೆ ಸುಮಾರು 680 ಲೀಟರಿನ ಟ್ಯಾಂಕಿನಿಂದ. ಅಗಲ 2 ಅಡಿ ಇರಲೇಬೇಕು ಎಂಬುದಕ್ಕೆ ಕಾರಣವಿದೆ. 30 ಸೆಂ.ಮೀ. ಉದ್ದದ ಮೀನು ಒಂದೂವರೆ ಅಡಿ ಅಗಲದಲ್ಲಿ ಸಲೀಸಾಗಿ ತಿರುಗಲಾರದು, ಮತ್ತು ಅಟ್ಟಿಸಿಕೊಂಡು ಹೋದ ಮೀನಿಗೆ ಪಕ್ಕಕ್ಕೆ ಸರಿಯಲು ಜಾಗವೇ ಉಳಿಯುವುದಿಲ್ಲ.

ನೀರಿನ ಖರ್ಚನ್ನೂ ಮೊದಲೇ ಲೆಕ್ಕ ಹಾಕಬೇಕು. ಆಸ್ಕರ್ ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆಯೇ ಹೊರತು ನೈಟ್ರೇಟನ್ನು ಹೊರಹಾಕುವುದಿಲ್ಲ. ಅದಕ್ಕೆ ನೀರು ಬದಲಿಸುವುದೇ ದಾರಿ. 680 ಲೀಟರಿನ ಟ್ಯಾಂಕಿನಲ್ಲಿ ವಾರಕ್ಕೆ ಶೇ. 30ರಷ್ಟು ಬದಲಿಸಿದರೂ ಅದು 200 ಲೀಟರ್. ಬೆಂಗಳೂರಿನಲ್ಲಿ 2024ರ ಬೇಸಿಗೆಯ ನೀರಿನ ಅಭಾವವನ್ನು ಕಂಡವರಿಗೆ ಈ ಅಂಕಿಯ ತೂಕ ಗೊತ್ತಿದೆ. ಹೊಸದಾಗಿ ತರುವ ಪ್ರತಿಯೊಂದು ಜೊತೆ ಮೀನೂ ಈ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಅಳೆಯಬೇಕಾದ ಮೂರು ಸಂಗತಿಗಳು

ಯಾವುದೇ ಮೀನನ್ನು ಆಸ್ಕರ್ ಜೊತೆ ಬಿಡುವ ಮುನ್ನ ನಾನು ಮೊದಲು ನೋಡುವುದು ಬಾಯಿಯನ್ನು. ಜೊತೆ ಮೀನಿನ ಉದ್ದಕ್ಕಿಂತ ಅದರ ಮೈಯ ಎತ್ತರ ಮುಖ್ಯ. 12 ಸೆಂ.ಮೀ. ಉದ್ದದ, ಕಡ್ಡಿಯಂತಹ ಮೀನು ದೊಡ್ಡ ಆಸ್ಕರ್‌ನ ಬಾಯಿಗೆ ಒಂದೇ ತುತ್ತು. ಅದೇ 10 ಸೆಂ.ಮೀ. ಉದ್ದದ, ತಟ್ಟೆಯಂತಹ ಮೀನನ್ನು ನುಂಗಲು ಅದಕ್ಕೆ ಸಾಧ್ಯವಿಲ್ಲ. ಎರಡನೆಯದು, ಆ ಮೀನು ನೀರಿನ ಯಾವ ಎತ್ತರದಲ್ಲಿ ಓಡಾಡುತ್ತದೆ ಎಂಬುದು. ಆಸ್ಕರ್ ಹೆಚ್ಚಿನ ಹೊತ್ತು ಮಧ್ಯದಲ್ಲಿ ಮತ್ತು ತಳದ ಹತ್ತಿರ ಇರುತ್ತದೆ, ಮೇಲಿನ ನೀರು ಬಹುಮಟ್ಟಿಗೆ ಖಾಲಿ ಇರುತ್ತದೆ. ಮೂರನೆಯದು ನೀರಿನ ಗುಣ: ಆಸ್ಕರ್‌ಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, 6ರಿಂದ 7.5ರವರೆಗಿನ ಪಿಎಚ್ ಹಿತ. ಇವು ಮೂರೂ ಕೂಡಿದ ಮೇಲೆಯೇ ಸ್ವಭಾವದ ಮಾತು. ಅನೇಕರು ಸ್ವಭಾವದಿಂದ ಶುರು ಮಾಡಿ, ಜಗಳಗಂಟಕ್ಕೆ ಜಗಳಗಂಟವೇ ಸರಿ ಎಂದು ಇನ್ನೊಂದು ಆಕ್ರಮಣಕಾರಿ ಮೀನನ್ನು ತರುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಮೀನುಗಳು ಗಾಯಗೊಂಡದ್ದು ಆ ಲೆಕ್ಕದಿಂದಲೇ.

ಸಿಲ್ವರ್ ಡಾಲರ್ ಮತ್ತು ಟಿನ್‌ಫಾಯಿಲ್ ಬಾರ್ಬ್

ಈ ಮೂರು ಅಳತೆಗೂ ಸರಿಯಾಗಿ ನಿಲ್ಲುವ ಮೀನು ಸಿಲ್ವರ್ ಡಾಲರ್. ಮೆಟಿನ್ನಿಸ್ ಕುಲಕ್ಕೆ ಸೇರಿದ ಇದು ಪಿರಾನ್ಹಾಗಳ ನೆಂಟನಾದರೂ ಸೊಪ್ಪು ತಿನ್ನುವ ಪ್ರಾಣಿ. ತವರು ದಕ್ಷಿಣ ಅಮೆರಿಕವೇ ಆದ್ದರಿಂದ ನೀರಿನ ಗುಣದಲ್ಲಿ ತಕರಾರಿಲ್ಲ. ಸುಮಾರು 15 ಸೆಂ.ಮೀ.ವರೆಗೆ ಬೆಳೆಯುವ ಇದರ ಮೈ ನಾಣ್ಯದಂತೆ ಚಪ್ಪಟೆ ಮತ್ತು ದುಂಡು, ಹೀಗಾಗಿ ಬಾಯಿಗೆ ಹಿಡಿಸುವುದಿಲ್ಲ. ಓಟದಲ್ಲಿ ಆಸ್ಕರ್‌ಗಿಂತ ಬಹಳ ಚುರುಕು. ಐದಾರು ಮೀನುಗಳ ಗುಂಪಿನಲ್ಲಿ ಮಾತ್ರ ನೆಮ್ಮದಿಯಾಗಿರುತ್ತದೆ, ಒಂಟಿಯಾಗಿಟ್ಟರೆ ಹೆದರಿ ಮೂಲೆ ಸೇರುತ್ತದೆ.

ನನ್ನ ಆಸ್ಕರ್ ಮೊದಲ ಎರಡು ವರ್ಷ ಒಂಟಿಯಾಗಿತ್ತು, ಮತ್ತು ಯಾರಾದರೂ ಕೋಣೆಗೆ ಬಂದರೆ ಮರದ ತುಂಡಿನ ಹಿಂದೆ ಅಡಗುತ್ತಿತ್ತು. ಆರು ಸಿಲ್ವರ್ ಡಾಲರ್‌ಗಳನ್ನು ಬಿಟ್ಟ ದಿನ ಅದು ಮೈ ಕಪ್ಪು ಮಾಡಿಕೊಂಡು, ಕಿವಿರ ಮುಚ್ಚಳವನ್ನು ಅಗಲಿಸಿ, ಅವುಗಳ ಹಿಂದೆ ನಾಲ್ಕೈದು ಸಲ ಓಡಿತು. ಒಂದನ್ನೂ ಮುಟ್ಟಲಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಓಡಿಸುವುದನ್ನು ಬಿಟ್ಟು, ಮೇಲೆ ಅವು ಗುಂಪಾಗಿ ತಿರುಗುತ್ತಿದ್ದರೆ ಕೆಳಗೆ ತಾನು ಎದುರಿನ ಗಾಜಿನ ಬಳಿ ಬಂದು ನಿಲ್ಲತೊಡಗಿತು. ಬಯಲಲ್ಲಿ ಬೇರೆ ಮೀನುಗಳು ನಿರ್ಭಯವಾಗಿ ಈಜುತ್ತಿದ್ದರೆ ಹತ್ತಿರದಲ್ಲಿ ಅಪಾಯವಿಲ್ಲವೆಂದು ದೊಡ್ಡ ಮೀನಿಗೂ ಧೈರ್ಯ ಬರುತ್ತದೆ. ಸಿಲ್ವರ್ ಡಾಲರ್ ಇದ್ದಲ್ಲಿ ಗಿಡಗಳು ಉಳಿಯುವುದಿಲ್ಲ ಎಂಬ ದೂರು ಆಸ್ಕರ್ ಸಾಕುವವರಿಗೆ ಅನ್ವಯಿಸದು, ಏಕೆಂದರೆ ಆಸ್ಕರ್ ಮೊದಲೇ ಅವನ್ನು ಕಿತ್ತು ಹಾಕಿರುತ್ತದೆ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಪಾಕು ಮೀನಿನ ಮರಿಗಳು ನೋಡಲು ಸಿಲ್ವರ್ ಡಾಲರಿನಂತೆಯೇ ಇರುತ್ತವೆ, ಹೊಟ್ಟೆಯ ಬಳಿ ಕೆಂಪು ಛಾಯೆ ಇರುತ್ತದೆ. ಮೀನಿನ ಮಾರುಕಟ್ಟೆಯಲ್ಲಿ ರೂಪ್‌ಚಂದ್ ಎಂದು ಊಟಕ್ಕೆ ಮಾರುವುದು ಇದನ್ನೇ. ಅದು ಅರ್ಧ ಮೀಟರಿಗಿಂತ ದೊಡ್ಡದಾಗಿ ಬೆಳೆಯುವುದರಿಂದ ಯಾವ ಮನೆಯ ಟ್ಯಾಂಕಿಗೂ ಒಗ್ಗುವುದಿಲ್ಲ.

ಸಿಲ್ವರ್ ಡಾಲರಿಗೆ ಪರ್ಯಾಯವಾಗಿ ಹಲವರು ಆರಿಸುವ ಟಿನ್‌ಫಾಯಿಲ್ ಬಾರ್ಬ್ ಆಗ್ನೇಯ ಏಷ್ಯಾದ ಮೀನು. ಅದೂ ಗುಂಪುಜೀವಿ, ಅದೂ ಚುರುಕು, ಬೆಳ್ಳಿಯ ಮೈಗೆ ಕೆಂಪು ಬಾಲ ಸೇರಿ ನೋಟಕ್ಕೂ ಚೆಂದ. ಆದರೆ ಒಂದೊಂದೂ 30 ಸೆಂ.ಮೀ. ಆಸುಪಾಸು ಬೆಳೆಯುತ್ತದೆ. ಐದು ಬಾರ್ಬ್‌ಗಳೆಂದರೆ ಇನ್ನೂ ಐದು ಆಸ್ಕರ್ ಉದ್ದದ ಮೀನುಗಳನ್ನು ತಂದಂತೆ. ಅದಕ್ಕಿಂತ ಹೆಚ್ಚಿನ ತೊಂದರೆ ಊಟದ ಹೊತ್ತಿನದು. ಆಸ್ಕರ್ ಪೆಲೆಟನ್ನು ನೋಡಿ, ಯೋಚಿಸಿ, ಒಮ್ಮೊಮ್ಮೆ ಉಗುಳಿ ಮತ್ತೆ ತಿನ್ನುವ ನಿಧಾನಿ. ಬಾರ್ಬ್‌ಗಳು ಅಷ್ಟರೊಳಗೆ ನೀರಿನ ಮೇಲ್ಮೈಯನ್ನು ಖಾಲಿ ಮಾಡಿರುತ್ತವೆ. 8 ಅಡಿಯ ಟ್ಯಾಂಕ್ ಇದ್ದವರಿಗೆ ಇದು ಒಳ್ಳೆಯ ಆಯ್ಕೆ, 6 ಅಡಿಯವರಿಗೆ ಸಿಲ್ವರ್ ಡಾಲರೇ ಸರಿ. ಬಾಲಾ ಶಾರ್ಕ್ ಬಗ್ಗೆಯೂ ಇದೇ ಮಾತು, ಜೊತೆಗೆ ಅದು ಬೆದರಿದಾಗ ನೀರಿನಿಂದ ಹೊರಕ್ಕೆ ಹಾರುತ್ತದೆ ಎಂಬುದು ಹೆಚ್ಚಿನ ಚಿಂತೆ.

ತಳದ ಮೀನುಗಳು: ಸಕ್ಕರ್ ಮತ್ತು ಬಿಚಿರ್

ಆಸ್ಕರ್ ಕೊಂಡವರ ಕೈಗೆ ಅಂಗಡಿಯಲ್ಲಿ ತಪ್ಪದೆ ಬರುವ ಎರಡನೆಯ ಮೀನು ಸಕ್ಕರ್, ಅಂದರೆ ಪ್ಲೆಕೊ. ನನಗೂ ಒಂದು ಅಂಗಡಿಯಲ್ಲಿ "ಟ್ಯಾಂಕ್ ಕ್ಲೀನ್ ಮಾಡುತ್ತೆ ಸರ್, ಆಸ್ಕರ್ ಅದನ್ನ ಮುಟ್ಟೋದಿಲ್ಲ" ಎಂದು ಹೇಳಿ ಎಂಟು ಸೆಂ.ಮೀ. ಉದ್ದದ ಮರಿಯನ್ನು ಕೊಟ್ಟಿದ್ದರು. ಮೂರನೆಯ ದಿನ ಬೆಳಿಗ್ಗೆ ದೀಪ ಹಾಕಿದಾಗ ಆಸ್ಕರ್ ಮೂಲೆಯಲ್ಲಿ ಓರೆಯಾಗಿ ನಿಂತಿತ್ತು. ಬಾಯಿ ಮುಚ್ಚುತ್ತಿರಲಿಲ್ಲ, ಕಿವಿರುಗಳು ಬೇಗಬೇಗನೆ ಬಡಿದುಕೊಳ್ಳುತ್ತಿದ್ದವು. ಬಗ್ಗಿ ನೋಡಿದರೆ ಸಕ್ಕರಿನ ತಲೆ ಒಳಗೆ, ಬಾಲ ಹೊರಗೆ. ಅಪಾಯ ಬಂದಾಗ ಸಕ್ಕರ್ ತನ್ನ ಎದೆಯ ಮತ್ತು ಬೆನ್ನಿನ ಈಜುರೆಕ್ಕೆಗಳ ಗಟ್ಟಿ ಮುಳ್ಳುಗಳನ್ನು ಸೆಟೆಸಿ ನಿಲ್ಲಿಸುತ್ತದೆ. ಆ ಮುಳ್ಳುಗಳು ಗಂಟಲಿನಲ್ಲಿ ಅಡ್ಡವಾಗಿ ಕೂತರೆ ನುಂಗಲೂ ಆಗದು, ಉಗುಳಲೂ ಆಗದು. ಆಸ್ಕರನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಉಗುರು ಕತ್ತರಿಯಿಂದ ಒಂದೊಂದೇ ಮುಳ್ಳನ್ನು ತುಂಡರಿಸಿ ಮರಿಯನ್ನು ಬಿಡಿಸಿದೆ. ಮರಿ ಉಳಿಯಲಿಲ್ಲ. ಆಸ್ಕರ್ ಆರು ದಿನ ಏನನ್ನೂ ತಿನ್ನಲಿಲ್ಲ.

ಹಾಗೆಂದು ಸಕ್ಕರ್ ಆಗುವುದೇ ಇಲ್ಲವೆಂದಲ್ಲ. ಮೈ ತುಂಬ ಎಲುಬಿನ ಕವಚವಿರುವ, 15 ಸೆಂ.ಮೀ. ದಾಟಿದ ಸಕ್ಕರ್ ದೊಡ್ಡ ಆಸ್ಕರ್ ಜೊತೆ ವರ್ಷಗಟ್ಟಲೆ ಬಾಳಬಲ್ಲದು, ಆದರೆ ಮರಿಯನ್ನು ತರಬಾರದು. ಅದು ಟ್ಯಾಂಕನ್ನು ಶುಚಿ ಮಾಡುತ್ತದೆ ಎಂಬುದು ಅರ್ಧ ಸತ್ಯ. ಗಾಜಿನ ಮೇಲಿನ ಪಾಚಿಯನ್ನು ತಿನ್ನುತ್ತದೆ ನಿಜ, ಆದರೆ 30 ಸೆಂ.ಮೀ. ಮೀರಿ ಬೆಳೆಯುವ ಅದು ತಾನೇ ಉದ್ದನೆಯ ದಾರಗಳಂತೆ ಹಾಕುವ ಹಿಕ್ಕೆಯ ಪ್ರಮಾಣ ಕಂಡವರು ಶುಚಿಯ ಮಾತನಾಡುವುದಿಲ್ಲ. ಹಸಿದ ಸಕ್ಕರ್ ರಾತ್ರಿ ಹೊತ್ತು ಚಪ್ಪಟೆ ಮೈಯ ಮೀನುಗಳ ಮೇಲೆ ಅಂಟಿಕೊಂಡು ಲೋಳೆಯನ್ನು ಹೀರುವುದೂ ಉಂಟು. ದೀಪ ಆರಿಸಿದ ಮೇಲೆ ಸೌತೆಕಾಯಿ ಹೋಳು ಅಥವಾ ತಳಕ್ಕೆ ಮುಳುಗುವ ಗುಳಿಗೆಯನ್ನು ಅದಕ್ಕೆಂದೇ ಹಾಕುವುದು ಒಳ್ಳೆಯದು.

ಆಫ್ರಿಕದ ಬಿಚಿರ್ ಹಾವಿನಂತೆ ಉದ್ದನೆಯ, ಗಟ್ಟಿ ಹುರುಪೆಗಳ ಮೀನು. ಸೆನೆಗಲ್ ಬಿಚಿರ್ 30 ಸೆಂ.ಮೀ. ಬೆಳೆಯುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ, ತಳ ಬಿಟ್ಟು ಏಳುವುದು ಗಾಳಿ ಗುಟುಕರಿಸಲು ಮಾತ್ರ. ಆದರೆ ಮೈ ಸಪೂರವಾದ್ದರಿಂದ ಮರಿಯಾಗಿದ್ದಾಗ ಆಸ್ಕರ್ ಬಾಯಿಗೆ ಸುಲಭದ ತುತ್ತು. ಅದರ ಕಣ್ಣು ಮಂದ, ವಾಸನೆ ಹಿಡಿದು ಊಟ ಹುಡುಕುವಷ್ಟರಲ್ಲಿ ಆಸ್ಕರ್ ಎಲ್ಲವನ್ನೂ ಮುಗಿಸಿರುತ್ತದೆ. ರಾತ್ರಿ ಪ್ರತ್ಯೇಕವಾಗಿ ಊಟ ಹಾಕುವ ತಾಳ್ಮೆ ಇದ್ದವರು, ಮುಚ್ಚಳದಲ್ಲಿ ಪೈಪು ಹೋಗುವ ಸಂದನ್ನೂ ಮುಚ್ಚುವಷ್ಟು ಜಾಗರೂಕರು ಮಾತ್ರ ಬಿಚಿರ್ ತರಬಹುದು. ಸಣ್ಣ ಸಂದಿನಲ್ಲಿಯೂ ನುಸುಳಿ ಹೊರಬೀಳುವ ಮೀನು ಅದು.

ಸಿಕ್ಲಿಡ್ ಬಳಗದವುಗಳು

ಆಸ್ಕರ್ ಸ್ವತಃ ಸಿಕ್ಲಿಡ್ ಎಂಬ ಮೀನಿನ ಕುಟುಂಬಕ್ಕೆ ಸೇರಿದ್ದು. ತನ್ನ ಬಳಗದ ಮೀನುಗಳನ್ನೇ ಅದು ಹೆಚ್ಚು ಗಮನಿಸುತ್ತದೆ, ಹೆಚ್ಚು ಎದುರಿಸುತ್ತದೆ. ಇವುಗಳಲ್ಲಿ ನನ್ನ ಮೊದಲ ಆಯ್ಕೆ ಸೆವೆರಮ್. ಅಮೆಜಾನ್ ಕಡೆಯದೇ ಆದ ಇದು 20 ಸೆಂ.ಮೀ. ಬೆಳೆಯುತ್ತದೆ, ಮೈ ಎತ್ತರ, ಸ್ವಭಾವ ಸೌಮ್ಯ. ಆಸ್ಕರ್‌ನೊಡನೆ ಎಳೆಯ ವಯಸ್ಸಿನಿಂದಲೇ ಬೆಳೆದರೆ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಆಸ್ಕರ್ ಇರುವ ಕಡೆ ಹೊಸದಾಗಿ ಬಿಡುವುದಾದರೆ ಸೆವೆರಮ್‌ನ ಉದ್ದ ಆಸ್ಕರ್‌ನ ಉದ್ದದಲ್ಲಿ ಮೂರನೇ ಎರಡು ಪಾಲಾದರೂ ಇರಬೇಕು.

ಜಾಕ್ ಡೆಂಪ್ಸಿ ಮಧ್ಯ ಅಮೆರಿಕದ ಮೀನು, ಅಮೆರಿಕದ ಹೆಸರಾಂತ ಬಾಕ್ಸರನ ಹೆಸರು ಅದಕ್ಕೆ ಬಂದಿರುವುದೇ ಅದರ ಗುಣವನ್ನು ಹೇಳುತ್ತದೆ. ಆಸ್ಕರ್‌ಗಿಂತ ಚಿಕ್ಕದಾದರೂ ತನ್ನ ಗುಹೆಯ ಸುತ್ತ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿ ಪೆಟ್ಟು ತಿನ್ನುವುದು ಬಹಳ ಸಲ ಆಸ್ಕರೇ. ಗಾತ್ರ ದೊಡ್ಡದಾದರೂ ಅದು ಹಟ ಹಿಡಿದು ಹೋರಾಡುವ ಮೀನಲ್ಲ. ಗ್ರೀನ್ ಟೆರರ್‌ನ ಗಂಡು ಇದಕ್ಕಿಂತ ಒಂದು ಕೈ ಹೆಚ್ಚು. ಈ ಎರಡನ್ನೂ ನಾನು ಶಿಫಾರಸು ಮಾಡಲಾರೆ.

ಬ್ಲಡ್ ಪ್ಯಾರಟ್ ಬಗ್ಗೆ ಹೇಳುವಾಗ ಮನಸ್ಸಿಗೆ ಬೇಸರವಾಗುತ್ತದೆ. ತೈವಾನಿನಲ್ಲಿ ಮನುಷ್ಯರು ಬೆರಕೆ ಮಾಡಿ ಹುಟ್ಟಿಸಿದ ಈ ಕಿತ್ತಳೆ ಬಣ್ಣದ ಮೀನಿನ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಹೀಗಾಗಿ ಸರಿಯಾಗಿ ಕಚ್ಚಲು ಅದಕ್ಕೆ ಬರುವುದಿಲ್ಲ. ಆಸ್ಕರ್ ಜೊತೆ ಇದನ್ನು ಸಾಕಿ ಯಶಸ್ವಿಯಾದವರಿದ್ದಾರೆ. ಆದರೆ ಜಗಳ ಹತ್ತಿದ ದಿನ ಕೈ ಕಟ್ಟಿದವನನ್ನು ಅಖಾಡಕ್ಕೆ ಇಳಿಸಿದಂತಾಗುತ್ತದೆ. ತಪ್ಪಿಸಿಕೊಳ್ಳುವಷ್ಟು ವೇಗವೂ ಅದಕ್ಕಿಲ್ಲ.

ಎರಡನೆಯ ಆಸ್ಕರ್? ಗಂಡು ಹೆಣ್ಣು ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಜೋಡಿ ಕೂಡಿದರೆ ಮೊಟ್ಟೆ ಇಡುವ ಹೊತ್ತಿನಲ್ಲಿ ಟ್ಯಾಂಕಿನ ಅರ್ಧ ಭಾಗವನ್ನು ತಮ್ಮದಾಗಿಸಿಕೊಳ್ಳುತ್ತವೆ. ಕೂಡದಿದ್ದರೆ ಬಾಯಿಗೆ ಬಾಯಿ ಕಚ್ಚಿ ಜಗ್ಗಾಡುತ್ತವೆ. ಮೂರು ಸಾಕಿದರೆ ಎರಡು ಸೇರಿ ಒಂದನ್ನು ಗೋಳು ಹುಯ್ದುಕೊಳ್ಳುವುದು ಸಾಮಾನ್ಯ. ಮರಿಗಳಾಗಿದ್ದಾಗಲೇ ಎರಡನ್ನು ತಂದು, ಒಂದನ್ನು ಬೇರೆ ಕಡೆ ಸಾಗಿಸುವ ಏರ್ಪಾಡನ್ನೂ ಮೊದಲೇ ಮಾಡಿಕೊಂಡವರಿಗೆ ಮಾತ್ರ ಈ ದಾರಿ.

ಎಂದಿಗೂ ಬೇಡವಾದವು

ಮಲಾವಿ ಸರೋವರದ ಆಫ್ರಿಕನ್ ಸಿಕ್ಲಿಡ್‌ಗಳಿಗೂ ಆಸ್ಕರ್‌ಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಅವುಗಳಿಗೆ ಪಿಎಚ್ 8ರ ಆಸುಪಾಸಿನ ಗಡಸು ನೀರು ಬೇಕು, ಮತ್ತು ಅವು ರೆಕ್ಕೆ ಹರಿಯುವುದರಲ್ಲಿ ನಿಸ್ಸೀಮ. ಗೋಲ್ಡ್‌ಫಿಶ್ ತಣ್ಣೀರಿನ ಮೀನು. ಜೊತೆಗೆ ಅದನ್ನು ತಿಂದ ಆಸ್ಕರ್‌ಗೆ ಅದರ ಮೈಯಲ್ಲಿರುವ ಥಯಾಮಿನೇಸ್ ಎಂಬ ಕಿಣ್ವದಿಂದ ಬಿ1 ಜೀವಸತ್ವದ ಕೊರತೆ ಬರುತ್ತದೆ. ಅಂಗಡಿಗಳಲ್ಲಿ ಬರಿಯ ಶಾರ್ಕ್ ಎಂದು ಮಾರುವ ಪಂಗಾಸಿಯಸ್ ಒಂದು ಮೀಟರ್ ಮೀರಿ ಬೆಳೆಯುತ್ತದೆ, ರೆಡ್‌ಟೇಲ್ ಕ್ಯಾಟ್‌ಫಿಶ್ ಕೂಡ ಅಷ್ಟೇ. ಈ ಎರಡನೆಯದು ಕೊನೆಗೆ ಆಸ್ಕರನ್ನೇ ನುಂಗಬಲ್ಲದು. ಸಿಲ್ವರ್ ಅರೋವಾನಾ ನೀರಿನ ಮೇಲ್ಭಾಗದ ಮೀನಾದ್ದರಿಂದ ಲೆಕ್ಕಕ್ಕೆ ಸರಿಯೆನಿಸಿದರೂ 75 ಸೆಂ.ಮೀ. ದಾಟುವ ಅದಕ್ಕೆ ಬೇಕಾದ 3 ಅಡಿ ಅಗಲದ ಟ್ಯಾಂಕ್ ಎಷ್ಟು ಮನೆಗಳಲ್ಲಿದೆ?

ಮಿಸ್ ಕೇರಳ ಎಂದು ಹೆಸರಾದ ಡೆನಿಸನ್ ಬಾರ್ಬನ್ನು ಪ್ರತ್ಯೇಕವಾಗಿ ಹೇಳಬೇಕು. ಕೇರಳದ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಾತ್ರ ಹುಟ್ಟುವ, ಅಳಿವಿನ ಅಂಚಿನಲ್ಲಿರುವ ಮೀನು ಅದು. ತಂಪಾದ, ರಭಸದ ನೀರಿನಲ್ಲಿ ಬದುಕುವ ಆ ಸಪೂರ ಮೀನನ್ನು ಆಸ್ಕರ್ ಟ್ಯಾಂಕಿಗೆ ಬಣ್ಣಕ್ಕಾಗಿ ಬಿಡುವುದೆಂದರೆ ನಮ್ಮ ಹೊಳೆಯ ಮೀನನ್ನು ನಾವೇ ಕೊಂಡು ತುತ್ತು ಮಾಡಿದಂತೆ.

ಫ್ಲವರ್‌ಹಾರ್ನ್ ಸಾಕಿರುವವರು ಈ ಹೋಲಿಕೆಯಿಂದ ಒಂದೇ ಸಾಲನ್ನು ತೆಗೆದುಕೊಂಡರೆ ಸಾಕು: ಅದು ಒಂಟಿಯಾಗಿಯೇ ಇರಲಿ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೆರಕೆಯಿಂದ ಹುಟ್ಟಿದ, ಹಣೆಯ ಉಬ್ಬಿಗಾಗಿ ಮತ್ತು ಅದೃಷ್ಟದ ನಂಬಿಕೆಗಾಗಿ ಮನೆಗಳಿಗೆ ಬಂದ ಆ ಮೀನು ಗಾಜಿನಾಚೆಯ ಬೆರಳಿನ ಮೇಲೂ ಎರಗುತ್ತದೆ. ರೆಡ್ ಡೆವಿಲ್‌ಗೂ ಇದೇ ಮಾತು. ಒಂಟಿತನದಿಂದ ಇವು ಕೊರಗುವುದಿಲ್ಲ. ಮನೆಯವರ ಓಡಾಟವೇ ಅವಕ್ಕೆ ಸಾಕಷ್ಟು ಸಂಗ.

ಬಿಡುವ ಕ್ರಮ

ಆರಿಸಿದ ಮೀನನ್ನು ಮೂರರಿಂದ ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಟ್ಟು, ಬಿಳಿ ಚುಕ್ಕೆ ರೋಗ ಮೊದಲಾದವು ಇಲ್ಲವೆಂದು ಖಚಿತವಾದ ಮೇಲೆಯೇ ದೊಡ್ಡ ಟ್ಯಾಂಕಿಗೆ ತರಬೇಕು. ಬಿಡುವ ದಿನ ಆಸ್ಕರ್‌ಗೆ ಮೊದಲು ಹೊಟ್ಟೆ ತುಂಬ ಊಟ ಹಾಕಿ, ಕಲ್ಲು ಮತ್ತು ಮರದ ತುಂಡುಗಳ ಜಾಗ ಬದಲಿಸಿ, ದೀಪ ಆರಿಸಿ ಬಿಡುವುದು ಕ್ಷೇಮ. ಜಾಗ ಬದಲಾದಾಗ ಹಳೆಯ ಮೀನಿಗೂ ತನ್ನ ಸರಹದ್ದು ಯಾವುದೆಂದು ಗೊತ್ತಾಗದೆ, ಇಬ್ಬರೂ ಹೊಸಬರಂತೆ ಆರಂಭಿಸುತ್ತಾರೆ. ಮೈ ಕಪ್ಪಾಗುವುದು, ಕಿವಿರು ಅಗಲಿಸುವುದು, ಅಲ್ಪ ಹೊತ್ತು ಅಟ್ಟಿಸುವುದು ಮೊದಲ ವಾರದಲ್ಲಿ ಸಹಜ. ಹೊಸ ಮೀನು ಮೂಲೆಯಲ್ಲಿ ನೀರಿನ ಮೇಲ್ಮೈಗೆ ಒತ್ತಿಕೊಂಡು ನಿಂತರೆ, ಎರಡು ದಿನ ಊಟ ಬಿಟ್ಟರೆ, ಇಲ್ಲವೇ ರೆಕ್ಕೆ ಹರಿದು ಹುರುಪೆ ಕಳಚಿದ್ದು ಕಂಡರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ಅಂತಹ ದಿನಕ್ಕಾಗಿ ಟ್ಯಾಂಕಿನ ಅಗಲಕ್ಕೂ ಎತ್ತರಕ್ಕೂ ಸರಿಯಾಗಿ ಕತ್ತರಿಸಿದ, ನೀರು ಹರಿಯಲು ತೂತುಗಳನ್ನು ಕೊರೆದ ಅಕ್ರಿಲಿಕ್ ಹಾಳೆಯೊಂದನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಅದನ್ನು ನಡುವೆ ಇಳಿಸಲು ಎರಡು ನಿಮಿಷ ಸಾಕು. ಹೊಂದದ ಮೀನನ್ನು ಕೊಂಡ ಅಂಗಡಿಗೆ ಹಿಂದಿರುಗಿಸುವ ಅಥವಾ ದೊಡ್ಡ ಟ್ಯಾಂಕ್ ಇರುವ ಇನ್ನೊಬ್ಬರಿಗೆ ಕೊಡುವ ಮಾತನ್ನು ಕೊಳ್ಳುವಾಗಲೇ ಆಡಿಕೊಳ್ಳಿ. ಊರಿನ ಕೆರೆಗೆ ಮಾತ್ರ ಬಿಡಬೇಡಿ. ಹಾಗೆ ಹೊರಬಿದ್ದ ಸಕ್ಕರ್ ಮೀನುಗಳು ಕೇರಳ, ತಮಿಳುನಾಡು, ಆಂಧ್ರಪ್ರದೇಶಗಳ ನೀರಿನಲ್ಲಿ ಈಗಾಗಲೇ ನೆಲೆಯೂರಿವೆ. ಅವು ದಡದ ಮಣ್ಣಿನಲ್ಲಿ ಬಿಲ ತೋಡುತ್ತವೆ, ಮೀನುಗಾರರ ಬಲೆಗೆ ಸಿಕ್ಕಾಗ ಅದೇ ಮುಳ್ಳುಗಳಿಂದ ಬಲೆಯನ್ನು ಹರಿಯುತ್ತವೆ.